ನರಿಗೆಂದು ತಂದ ದುರ್ಬೀನು

ನನ್ನ ಗಂಡನ ಎಡೆಗೆ ಅಂಗಡಿಯ ಕೋಳಿ ಆಗುವುದಿಲ್ಲ. ಇದು ನಾನು ಹುಟ್ಟಿಸಿದ ಮಾತಲ್ಲ. ನಮ್ಮ ಮಂಡ್ಯದ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮನೆಯಲ್ಲಿ ಸಾಕಿದ ಹುಂಜವನ್ನೇ ಕೊಯ್ಯುತ್ತೇವೆ. ಇದು ಹಿರಿಯರದ್ದು ಎಂದು ಮರಿ ಇದ್ದಾಗಲೇ ಹೇಳಿ ಬಿಟ್ಟಿರುತ್ತೇವೆ. ಆಮೇಲೆ ಅದನ್ನು ಮಾರುವ ಹಾಗಿಲ್ಲ, ನೆಂಟರು ಬಂದರೆಂದು ಕೊಯ್ಯುವ ಹಾಗೂ ಇಲ್ಲ. ವರ್ಷಕ್ಕೆ ಆರು ತಿಂಗಳು ಅಮೆರಿಕಕ್ಕೆ ಮಗಳ ಹತ್ತಿರ ಬಂದಿರಲು ಶುರುಮಾಡಿದ ಮೇಲೆ ಕೆಲವು ವರ್ಷ ಐಸಿನ ಕೋಳಿಯಲ್ಲೇ ಎಡೆ ಇಟ್ಟೆ. ಬದುಕಿದ್ದಾಗ ಆ ಮನುಷ್ಯ ಅಂಥದ್ದನ್ನು ತಿನ್ನುತ್ತಿರಲಿಲ್ಲ, ತಟ್ಟೆ ತಳ್ಳಿ ಎದ್ದುಹೋಗುತ್ತಿದ್ದ. ಸತ್ತ ಮೇಲೆ ತಿಂದನೋ ಇಲ್ಲವೋ ನನಗೇನು ಗೊತ್ತು. ಆದರೆ ಇಡುವವಳಿಗೆ ಇಟ್ಟ ಹಾಗೆ ಆಗುತ್ತಿರಲಿಲ್ಲ.

ಕೊರೊನಾ ಬಂದ ಮೇಲೆ ಮಗಳು ಅಳಿಯ ಆಲ್ಡಿ ಎಂಬ ಊರಿನ ಅಂಚಿನಲ್ಲಿ ಸ್ವಲ್ಪ ಜಾಗ ಇರುವ ಮನೆ ತೆಗೆದುಕೊಂಡರು. ಹಿತ್ತಲಲ್ಲಿ ಹಳೆಯ ಕೋಳಿಗೂಡಿತ್ತು. ಮಗಳು ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಾಳೆ, ಅಳಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ. ನನಗೆ ಮಾಡಲು ಕೆಲಸವಿರಲಿಲ್ಲ. ಕೋಳಿ ತಂದುಕೊಡಿ ಎಂದೆ, ತಂದುಕೊಟ್ಟರು. ಅದರಲ್ಲಿ ಒಂದು ಕೆಂಪು ಹುಂಜವನ್ನು ಹಿರಿಯರಿಗೆ ಎಂದು ಬಿಟ್ಟೆ.

ಆಮೇಲೆ ನರಿ ಶುರುವಾಯಿತು.

ಇಲ್ಲಿಯ ನರಿ ನಮ್ಮೂರಿನದರ ಹಾಗಲ್ಲ. ಕೆಂಪಗೆ, ತೆಳ್ಳಗೆ, ಬಾಲದ ತುದಿ ಬೆಳ್ಳಗೆ. ಊಳಿಡುವುದಿಲ್ಲ, ಹೆಂಗಸು ಕಿರುಚಿದ ಹಾಗೆ ಕಿರುಚುತ್ತದೆ. ಹಿಂದಿನ ಕಾಡನ್ನೆಲ್ಲ ಕಡಿದು ಮನೆ ಕಟ್ಟುತ್ತಿದ್ದರು. ಬಿಲ ಹೋದ ಮೇಲೆ ಅದು ಎಲ್ಲಿಗೆ ಹೋದೀತು, ನನ್ನ ಗೂಡಿಗೆ ಬಂತು. ಜಾಲರಿಯ ಕೆಳಗೆ ಕೆದರಿಕೊಂಡು ನುಗ್ಗಿ ಒಂದೊಂದಾಗಿ ಹೇಟೆ ಕೋಳಿಗಳನ್ನು ಎಳೆದುಕೊಂಡು ಹೋಯಿತು. ಕಲ್ಲು ಹೂತೆವು, ಕಲ್ಲಿನ ಪಕ್ಕದಲ್ಲಿ ಕೆದರಿತು. ಹುಂಜವನ್ನು ಗರಾಜಿನಲ್ಲಿ ಕಟ್ಟಿದೆ. ಅದು ಹೊತ್ತು ಗೊತ್ತಿಲ್ಲದೆ ಕೂಗಿ, ಅಳಿಯನ ಮೀಟಿಂಗಿನಲ್ಲಿದ್ದವರಿಗೆಲ್ಲ ಕೇಳಿಸಿತಂತೆ.

"ಅವ್ವ, ಇವ್ರ್ ಮ್ಯಾನೇಜರ್ ನಗ್ತಿದ್ದನಂತೆ. ಪ್ಲೀಸ್, ಅದನ್ನ ವಾಪಸ್ ಗೂಡಿಗೆ ಬಿಡು," ಅಂದಳು ಮಗಳು.

"ನಕ್ಕರೆ ನಗ್ಲಿ ಬಿಡು. ನಿಮ್ಮಪ್ಪನ ಎಡೆಗೆ ಅವನು ಬಂದು ಕೋಳಿ ಕೊಡ್ತಾನಾ?"

ಅವಳೇ ಹೋಗಿ ಗರಾಜಿನಲ್ಲಿ ಕಟ್ಟಿದ್ದ ಹಗ್ಗ ಬಿಚ್ಚಿದಳು. ಹುಂಜ ಗೂಡಿಗೆ ಹೋಯಿತು.

ನರಿಯನ್ನು ಹೊಡೆಯೋಣವೆಂದರೆ ಅಳಿಯ ಬಂದೂಕು ಮುಟ್ಟುವ ಹಾಗಿರಲಿಲ್ಲ. ವೀಸಾದ ಮೇಲೆ ಇರುವವರಿಗೆ ಇಲ್ಲಿ ಅದು ಸುಲಭವಲ್ಲ. ಗ್ರೀನ್ ಕಾರ್ಡ್ ಬರಲಿ ಎಂದು ಎಷ್ಟೋ ವರ್ಷದಿಂದ ಕಾಯುತ್ತಿದ್ದಾನೆ, ಇನ್ನೂ ಕಾಯುತ್ತಿದ್ದಾನೆ. ಬಂದೂಕು ಇದ್ದದ್ದು ಪಕ್ಕದ ಮನೆಯ ಮುದುಕನ ಹತ್ತಿರ. ಇಲ್ಲಿಯವನೇ, ಒಂಟಿ, ನನಗಿಂತ ಸ್ವಲ್ಪ ದೊಡ್ಡವನಿರಬೇಕು. ಅವನ ಜಗುಲಿಯಲ್ಲಿ ಕೂತರೆ ನಮ್ಮ ಗೂಡು ನೇರ ಕಾಣುತ್ತದೆ. ಕೋಳಿ ತಿನ್ನುವ ನರಿಯನ್ನು ಹೊಡೆಯಬಹುದೇ, ಪಕ್ಕದವನು ನಮಗಾಗಿ ಹೊಡೆಯಬಹುದೇ ಎಂದು ಮಗಳು ಇಲ್ಲಿಯ ಕಾಡುಪ್ರಾಣಿ ಇಲಾಖೆಯವರಿಗೆ ಫೋನ್ ಮಾಡಿ ವಿಚಾರಿಸಿದಳು. ಆಗುತ್ತದೆ ಎಂದರಂತೆ. ಮುದುಕನೂ ಒಪ್ಪಿದ. ಗೂಡಿನ ಹಿಂದೆ ಮನೆ ಕಟ್ಟುವವರು ಅಗೆದು ಹಾಕಿದ ಮಣ್ಣಿನ ದೊಡ್ಡ ಗುಡ್ಡೆ ಇತ್ತು. ಗುರಿ ತಪ್ಪಿದರೂ ಗುಂಡು ಮಣ್ಣಿಗೆ ಹೋಗಿ ನಿಲ್ಲುತ್ತದೆ ಎಂದು ಕೈ ಮಾಡಿ ತೋರಿಸಿದ.

ಒಂದೇ ತೊಡಕು. ಕತ್ತಲಾದ ಮೇಲೆ ಅವನಿಗೆ ಕಣ್ಣು ಕಾಣುವುದಿಲ್ಲ, ನರಿ ಬರುವುದು ಕತ್ತಲಾದ ಮೇಲೆ. ಅವನ ನಾಯಿಯೂ ನರಿಯಷ್ಟೇ ಎತ್ತರ, ಅದೇ ಬಣ್ಣ, ಸಂಜೆ ಹೊತ್ತು ನಮ್ಮ ಹಿತ್ತಲಲ್ಲೇ ಅಲೆಯುತ್ತಿತ್ತು. "ನೋ ಮಿಸ್ಟೇಕ್, ಮ್ಯಾಮ್. ಮೈ ಡಾಗ್," ಎಂದು ಎದೆ ಮುಟ್ಟಿಕೊಂಡು ಹೇಳಿದ. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ.

ಅಳಿಯ ಬಂದೂಕು ಮುಟ್ಟಬಾರದು, ಆದರೆ ಅದರ ಮೇಲೆ ಕೂರಿಸುವ ದುರ್ಬೀನು ಕೊಂಡರೆ ಯಾರೂ ಕೇಳುವುದಿಲ್ಲ. ಕತ್ತಲಲ್ಲಿ ಕಾಣಿಸುವ ದುರ್ಬೀನನ್ನು ನಾನು ತಂದುಕೊಡುತ್ತೇನೆ ಎಂದು ಅಳಿಯ ಹೊರಟ. ಅದಕ್ಕೆ ಸ್ಕೋಪ್ ಎನ್ನುತ್ತಾರೆ. ಬೇಸಿಗೆಯಿಡೀ ಅದನ್ನು ಆರಿಸುವುದರಲ್ಲೇ ಕಳೆಯಿತು. ಮಗಳ ಮದುವೆಗೆ ಗಂಡು ಹುಡುಕುವಾಗ ನಾವು ಇಷ್ಟು ವಿಚಾರಿಸಿರಲಿಲ್ಲ. ಊಟಕ್ಕೆ ಕೂತರೆ ಫೋನಿನಲ್ಲಿ ಸ್ಕೋಪು, ಕಾರಿನಲ್ಲಿ ಹೋದರೆ ಸ್ಕೋಪಿನ ಮಾತು. ರಾಲಿ ಎಂಬ ಊರಿನಲ್ಲಿ ಅವನ ಗೆಳೆಯನೊಬ್ಬನಿದ್ದಾನೆ, ಸಿಟಿಜನ್ ಆಗಿರುವವನು, ಬಂದೂಕು ಇಟ್ಟುಕೊಂಡಿರುವವನು. ಒಂದು ಭಾನುವಾರ ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ನಾನು ಅವರೆಕಾಯಿ ಬಿಡಿಸುತ್ತಾ ಅಲ್ಲೇ ಕೂತಿದ್ದೆ.

"ಏನ್ ಗುರು, ಗನ್ ಇಲ್ಲ, ಬರೀ ಸ್ಕೋಪ್ ತಗೋತಿದೀಯಂತೆ? ನಾಳೆ ಕಾರಿಲ್ದೆ ಸ್ಟೀರಿಂಗ್ ತಗೋತೀಯಾ?"

"ಗನ್ ಪಕ್ಕದ್ಮನೆ ಅಂಕಲ್‌ದು ಕಣೋ. ನೀನ್ ಮೊದ್ಲು ಯಾವ್ದು ಬೆಸ್ಟ್ ಹೇಳು."

"ದುಡ್ಡಿದ್ರೆ ಥರ್ಮಲ್ ತಗೋ."

"ಅದ್ರಲ್ಲಿ ಮೈ ಬಿಸಿ ಮಾತ್ರ ಕಾಣುತ್ತಂತೆ. ಬೆಳ್ಳಗೆ ಉಂಡೆ ಥರ. ನಾಯಿನೋ ನರಿನೋ ದೂರದಿಂದ ಹೇಳಕ್ಕಾಗಲ್ಲ ಅಂತ ರಿವ್ಯೂಲಿ ಓದ್ದೆ."

"ಹಾಗಾದ್ರೆ ಡಿಜಿಟಲ್ಲೇ ಸರಿ. ಕ್ಯಾಮೆರಾ ಇದ್ದಂಗೆ, ಆಕಾರ ಚೆನ್ನಾಗ್ ಬರುತ್ತೆ. ಆದ್ರೆ ಜೂಮ್ ಜಾಸ್ತಿ ಇದೆ ಅಂತ ಬೀಳ್ಬೇಡ. ಎಳೆದಷ್ಟೂ ಚಿತ್ರ ಒಡೆಯುತ್ತೆ. ಇನ್ಫ್ರಾರೆಡ್ ಲೈಟ್ ಎಂಥದು ನೋಡ್ಕೋ."

"ಕತ್ಲಲ್ಲಿ ಬಣ್ಣ ಕಾಣುತ್ತಾ ಕೇಳಿ," ಅಂದೆ ನಾನು.

"ಇಲ್ಲ ಆಂಟಿ, ಕಪ್ಪು ಬಿಳುಪು. ನಮ್ ಕಾಲದ್ ದೂರದರ್ಶನ ಇದ್ದಂಗೆ."

ಬಣ್ಣವೇ ಇಲ್ಲದ ಮೇಲೆ ಬಾಲ ನೋಡಿ, ನಡಿಗೆ ನೋಡಿ ಹೇಳಬೇಕು ಎಂದಾಯಿತು. ಇಷ್ಟೆಲ್ಲ ಕೇಳಿಸಿಕೊಂಡ ಅಳಿಯ, ಎಲ್ಲದಕ್ಕಿಂತ ಹೆಚ್ಚು ಜೂಮ್ ಇರುವುದನ್ನೇ ತರಿಸಿದ. ವಿಡಿಯೋನೂ ತೆಗೆಯುತ್ತದೆ ಎಂದು ಅವನಿಗೆ ಖುಷಿ.

ಡಬ್ಬ ಬಂದ ದಿನ ಶ್ರಾವಣ ಶನಿವಾರ. ನಮ್ಮ ಮನೆಗೆ ಹೊಸ ಸಾಮಾನು ಬಂದರೆ ಕುಂಕುಮ ಇಡದೆ ಮುಟ್ಟುವುದಿಲ್ಲ. ಫ್ರಿಜ್ಜಿಗೆ ಇಟ್ಟಿದ್ದೇವೆ, ಕಾರಿಗೆ ಇಟ್ಟಿದ್ದೇವೆ, ಬಟ್ಟೆ ಒಗೆಯುವ ಮಿಷನ್ನಿಗೂ ಇಟ್ಟಿದ್ದೇವೆ. ಮಗಳು ಸ್ಕೋಪನ್ನು ದೇವರ ಮುಂದೆ ಮಣೆಯ ಮೇಲೆ ಮಲಗಿಸಿದಳು.

"ರೀ, ಇದರ ಮುಖ ಯಾವ ಕಡೆ?"

"ದೊಡ್ಡ ಗಾಜು ಮುಂದೆ ಬರುತ್ತೆ," ಅಂದ ಅವನು, ಫೋನ್ ನೋಡುತ್ತಾ.

ಅರಿಶಿನವನ್ನು ನೀರಲ್ಲಿ ಕಲಸಿ ಆ ದೊಡ್ಡ ಗಾಜಿನ ನಡುವೆ ಇಟ್ಟಳು, ಮೇಲೆ ಕುಂಕುಮ ಇಟ್ಟಳು. ಊದುಬತ್ತಿ ಬೆಳಗಿ ನಿಂಬೆಹಣ್ಣು ನಿವಾಳಿಸಿದಳು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಕೈ ಮುಗಿದೆ. ಅಳಿಯ ತಲೆ ಎತ್ತಿದ್ದು ಆಮೇಲೆ.

"ಅಯ್ಯೋ, ಲೆನ್ಸ್ ಮೇಲೆ ಯಾಕೇ ಇಟ್ಟೆ!"

"ನೀವೇ ತಾನೇ ಮುಖ ಅಂದಿದ್ದು!"

"ಮುಖ ಅಂದ್ರೆ ಮುಂಭಾಗ ಕಣೇ, ಹಣೆ ಅಲ್ಲ!"

ಅವಳು ಸೆರಗಿನಲ್ಲಿ ತಿಕ್ಕಿದಳು, ಅವನು ಸ್ಯಾನಿಟೈಸರ್ ಹಾಕಿ ತಿಕ್ಕಿದ. ಗಾಜಿನ ಮೇಲಿದ್ದ ತೆಳು ಲೇಪವೇ ಎದ್ದು ಹೋಯಿತಂತೆ. ಸಂಜೆ ಮುದುಕನ ಜಗುಲಿಗೆ ಒಯ್ದು ನೋಡಿದರೆ ಗೂಡೆಲ್ಲ ಮಂಜು ಮುಸುಕಿದ ಹಾಗೆ. ಅಳಿಯ ಜೂಮ್ ಎಳೆದ. ಚಿತ್ರ ರಂಗೋಲಿಯ ಚುಕ್ಕಿಗಳ ಹಾಗೆ ಒಡೆದು ಹೋಯಿತು. ಅದರ ಇನ್ಫ್ರಾರೆಡ್ ದೀಪದ ತುದಿಯೂ ಕೆಂಪಗೆ ಕೆಂಡದ ಹಾಗೆ ಕಾಣುತ್ತಿತ್ತು. ಮನುಷ್ಯರಿಗೇ ಕಂಡದ್ದು ನರಿಗೆ ಕಾಣದೆ ಇರುತ್ತದೆಯೇ? ಮುದುಕ ಗಾಜಿನ ಅಂಚಿಗೆ ಅಂಟಿದ ಕುಂಕುಮವನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ. ಏನು ಹೇಳುವುದೋ ತಿಳಿಯದೆ ಅಳಿಯ "ಪ್ರೇಯರ್" ಎಂದ. ಮುದುಕ ತಲೆಯಾಡಿಸಿದ, ನಗಲಿಲ್ಲ. ಹಿಂದಕ್ಕೆ ಕಳಿಸಿದರೆ ಅಂಗಡಿಯವರು ತೆಗೆದುಕೊಳ್ಳಲಿಲ್ಲ, ಬಳಸಿದ ಮಾಲು ಎಂದರು.

ಮತ್ತೆ ಆರಿಸುವುದು ಶುರು. ಅಷ್ಟರಲ್ಲಿ ನರಿ ಸುಮ್ಮನಿರಲಿಲ್ಲ. ಹೇಟೆಗಳು ಮುಗಿಯುತ್ತಾ ಬಂದವು, ಹುಂಜ ಮಾತ್ರ ಗೂಡಿನ ಅಟ್ಟದ ಮೂಲೆಯಲ್ಲಿ ಕೂತು ಹೇಗೋ ಉಳಿದುಕೊಂಡಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅದು ಕೂಗುವುದನ್ನು ಕೇಳಿ ಆಮೇಲೆ ಕಾಫಿ ಕುಡಿಯುತ್ತಿದ್ದೆ. ಪ್ರೀತಿಯಲ್ಲ. ಪಿತೃಪಕ್ಷ ಹತ್ತಿರ ಬರುತ್ತಿತ್ತು.

ಈ ಸಲ ಅಳಿಯ ಗೆಳೆಯನ ಮಾತು ಕೇಳಿದ. ಜೂಮ್ ಕಡಿಮೆ, ಚಿತ್ರ ಸ್ವಚ್ಛ, ದೀಪ ಬೇರೆ. ಆ ದೀಪದ ಬೆಳಕು ಯಾರ ಕಣ್ಣಿಗೂ ಬೀಳುವುದಿಲ್ಲ. ದೂರ ಸ್ವಲ್ಪ ಕಡಿಮೆ ಹೋಗುತ್ತದೆ, ನಮ್ಮ ಗೂಡಿನ ತನಕ ಸಾಕು. ಅದನ್ನು ಬಂದೂಕಿಗೆ ಕಟ್ಟುವ ಮೊದಲು ಮುದುಕ ಪರೀಕ್ಷೆ ಮಾಡಿದ. ಸಂಜೆಗತ್ತಲಲ್ಲಿ ನನ್ನನ್ನು ಗೂಡಿನ ಪಕ್ಕ ನಿಲ್ಲಿಸಿ, ಕೈಗೆ ಅವನ ನಾಯಿಯ ಹಗ್ಗ ಕೊಟ್ಟ. ಅವನು ಜಗುಲಿಯಲ್ಲಿ ಕೂತು ಬರೀ ದುರ್ಬೀನಿನಲ್ಲಿ ನೋಡಿದ. ಸೊಳ್ಳೆ ಕಚ್ಚುತ್ತಿತ್ತು, ಮಂಡಿ ನೋಯುತ್ತಿತ್ತು.

"ಅತ್ತೆ, ಸ್ವಲ್ಪ ಬಗ್ಗಿ ನಾಯಿ ಕತ್ತು ತೋರ್ಸಿ!" ಎಂದು ಅಳಿಯ ಅಲ್ಲಿಂದ ಕೂಗಿದ.

"ಬಗ್ಗಿದ್ರೆ ಎಬ್ಸೋಕೆ ನೀವೇ ಬರ್ಬೇಕು ಅಳಿಯಂದ್ರೆ!"

ನಾಯಿಯ ಕತ್ತಿನ ಪಟ್ಟಿ ಕಾಣುತ್ತಿದೆ, ನನ್ನ ಕೈಬಳೆಯೂ ಕಾಣುತ್ತಿದೆ ಎಂದರು. ಮುದುಕ ಹೆಬ್ಬೆರಳು ಎತ್ತಿದ. ಹಗಲಿನಲ್ಲಿ ಬಯಲಿಗೆ ಒಯ್ದು ಗುಂಡು ಹೊಡೆದು ಗುರಿ ಸರಿಮಾಡಿಕೊಂಡು ಬಂದ. ಅಷ್ಟರಲ್ಲಿ ಅವನ ಮಗಳು ಬಂದು, ಕೆಲವು ದಿನ ಇರಲಿ ಎಂದು ಅವನನ್ನೂ ನಾಯಿಯನ್ನೂ ತನ್ನೂರಿಗೆ ಕರೆದುಕೊಂಡು ಹೋದಳು. ಅವನು ಬರಲಿ ಎಂದು ಕಾದೆವು. ಆ ದಿನಗಳಲ್ಲೇ ಲಾರಿಗಳು ಬಂದು ಗೂಡಿನ ಹಿಂದಿನ ಮಣ್ಣನ್ನೆಲ್ಲ ತುಂಬಿಕೊಂಡು ಹೋದವು. ಧೂಳು ತಪ್ಪಿತು, ಪಾತ್ರೆ ತೊಳೆದು ಹೊರಗೆ ಇಡಬಹುದು ಎಂದುಕೊಂಡೆ. ಅಳಿಯ ನೋಡಿದನೋ ಇಲ್ಲವೋ.

ಎಡೆಯ ಹಿಂದಿನ ದಿನ ಮುದುಕ ವಾಪಸ್ ಬಂದ. ಕತ್ತಲಾದ ಮೇಲೆಯೇ ಬಂದ. ನಾಯಿಯನ್ನು ಒಳಗೆ ಕೂಡಿ, ಬಂದೂಕು ತಂದು ಜಗುಲಿಯ ಕಟಕಟೆಯ ಮೇಲೆ ಒರಗಿಸಿಕೊಂಡು ಕೂತ. ಅಳಿಯ ಒಂದು ಕುರ್ಚಿಯಷ್ಟು ದೂರ, ಕೈ ಕಟ್ಟಿಕೊಂಡು ಕೂತ. ನಾನು ಮೆಟ್ಟಿಲ ಮೇಲೆ. ಸ್ಕೋಪಿನ ಚಿತ್ರ ಅಳಿಯನ ಫೋನಿನಲ್ಲೂ ಬರುತ್ತಿತ್ತು.

ಬಹಳ ಹೊತ್ತೇನೂ ಆಗಲಿಲ್ಲ. ಫೋನಿನಲ್ಲಿ ಎರಡು ಕಣ್ಣು ಹೊಳೆದವು. ಚೂಪು ಕಿವಿ, ಗುಡಿಸುವ ಬಾಲ. ನಾಯಿ ಒಳಗಿತ್ತು, ಇದು ನರಿಯೇ. ಗೂಡಿನ ಮುಂದೆ ನಿಂತು ಮೂಸುತ್ತಿತ್ತು.

"ನರಿ, ನರಿ," ಎಂದು ಅಳಿಯ ಪಿಸುಗುಟ್ಟಿದ. "ಅಂಕಲ್, ಶೂಟ್!"

ಮುದುಕ ಹೊಡೆಯಲಿಲ್ಲ. ಬಂದೂಕಿನಿಂದ ಮುಖ ತೆಗೆದ, ಮತ್ತೆ ಇಟ್ಟ, ಮತ್ತೆ ತೆಗೆದ. "ಲುಕ್ ಬಿಹೈಂಡ್," ಎಂದ.

ಅಳಿಯ ಫೋನನ್ನು ಹತ್ತಿರ ಹಿಡಿದ, ನಾನೂ ಬಗ್ಗಿದೆ. ನರಿಯ ತಲೆಯ ಹಿಂದೆ, ಮಣ್ಣಿನ ಗುಡ್ಡೆ ಇದ್ದಲ್ಲಿ, ಹೊಸ ಮನೆಯ ಹಿಂಭಾಗವೇ ಎದುರಿಗಿತ್ತು. ಮರದ ಜಗುಲಿಯ ಕಂಬಿಯ ಮೇಲೆ ನೈಟಿ ತೊಟ್ಟ ಹೆಂಗಸೊಬ್ಬಳು ಟವೆಲ್ ಕೊಡವಿ ಹರವುತ್ತಿದ್ದಳು. ನಮ್ಮ ದೇಶದವಳೇ. ಇಲ್ಲಿಯವರು ಕಂಬಿಯ ಮೇಲೆ ಬಟ್ಟೆ ಹಾಕುವುದಿಲ್ಲ. ನರಿಯ ಮೀಸೆಯೂ ಕಾಣುತ್ತಿತ್ತು, ಅವಳ ಮುಖವೂ ಕಾಣುತ್ತಿತ್ತು. ಅಷ್ಟು ಚೆನ್ನಾದ ದುರ್ಬೀನು.

ಮುದುಕ ಗುಂಡು ಹೊರಗೆ ತೆಗೆದು ಜೇಬಿಗೆ ಹಾಕಿಕೊಂಡ. "ನಾಟ್ ಫ್ರಂ ಹಿಯರ್. ನಾಟ್ ಎನಿಮೋರ್."

"ಅವಳು ಒಳಗ್ ಹೋದ್ಮೇಲೆ?" ಅಂದ ಅಳಿಯ ಇಂಗ್ಲಿಷಿನಲ್ಲಿ. ಮುದುಕ ಆ ಮನೆಯ ಕಡೆ ಕೈ ತೋರಿಸಿದ. ಅಳಿಯನಿಗೇ ನಾಚಿಕೆಯಾಯಿತು. ಮನೆ ಎಲ್ಲಿಗೂ ಹೋಗುವುದಿಲ್ಲವಲ್ಲ.

ನಾವೆಲ್ಲ ಬೇಸಿಗೆಯಿಡೀ ನರಿ ಹೇಗೆ ಕಾಣಬೇಕು ಎಂದು ನೋಡಿದೆವು. ಅದರ ಹಿಂದೆ ಏನಿದೆ ಎಂದು ಯಾರೂ ನೋಡಲಿಲ್ಲ.

ನಾನು ಎದ್ದು ನಮ್ಮ ಅಡುಗೆಮನೆಯಿಂದ ತಟ್ಟೆ, ಸೌಟು ತಂದು ಬಡಿಯುತ್ತಾ ಹಿತ್ತಲಿಗೆ ಹೋದೆ. "ಅತ್ತೆ, ಹೋಗ್ಬೇಡಿ!" ಎಂದು ಅಳಿಯ ಹಿಂದಿನಿಂದ ಓಡಿ ಬಂದ. ನರಿ ಓಡಲಿಲ್ಲ. ನನ್ನನ್ನು ಒಮ್ಮೆ ನೋಡಿ, ಅವಸರವಿಲ್ಲದೆ ಹೊಸ ಮನೆಗಳ ನಡುವಿನ ರಸ್ತೆ ಹಿಡಿದು ಹೋಯಿತು. ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಬಂದು ಬಚ್ಚಲುಮನೆಯಲ್ಲಿ ಕೂಡಿದೆ. ಬೆಳಗಾಗುವವರೆಗೆ ಕೂಗಿತು, ಯಾರೂ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಕೊಯ್ದೆ. ಪುಕ್ಕ ಕಿತ್ತು, ಅರಿಶಿನ ಹಚ್ಚಿ, ಸುಟ್ಟು, ಖಾರ ಅರೆದು ಸಾರು ಮಾಡಿದೆ. ಬಲಿತ ಹುಂಜ, ಬೇಯಲು ಹೊತ್ತು ಹಿಡಿಯಿತು. ಎಲೆಯ ಮೇಲೆ ಮುದ್ದೆ, ಸಾರು, ಕಜ್ಜಾಯ, ಪಕ್ಕದಲ್ಲಿ ಒಂದು ಲೋಟ ಬ್ರಾಂದಿ. ಈಲಿಯನ್ನು, ಮಗಳು ಲಿವರ್ ಎನ್ನುವುದನ್ನು, ಮೇಲಕ್ಕೆ ಇಟ್ಟೆ, ಅದು ನನ್ನ ಗಂಡನಿಗೆ ಇಷ್ಟ. ಧೂಪ ಹಾಕಿ, ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ನಿಂತೆವು.

"ಅತ್ತೆ, ಎಲೆಕ್ಟ್ರಿಕ್ ಫೆನ್ಸ್ ನೋಡ್ತಿದೀನಿ," ಅಂದ ಅಳಿಯ ಫೋನಿನಿಂದ ಕಣ್ಣು ತೆಗೆಯದೆ. "ಮರಿ ತಂದ್ರೆ ಮುಂದಿನ್ ವರ್ಷಕ್ಕೆ ಮತ್ತೆ..."

"ಬೇಡಿ. ಇದೊಂದ್ ವರ್ಷ ಇಟ್ಟಿದ್ದಾಯ್ತು. ಮುಂದಕ್ಕೆ ಅಂಗಡೀದೇ ತನ್ನಿ."

"ಮತ್ತೆ ಮಾವನಿಗೆ?"

"ತಿಂದ್ರೆ ತಿನ್ಲಿ, ಬಿಟ್ರೆ ಬಿಡ್ಲಿ. ನಂಗೆ ಸಾಕಾಯ್ತು."

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆಗೆದೆ. ಸಾರು ಆರಿತ್ತು. ಬಿಸಿ ಮಾಡಿ ಎಲ್ಲರಿಗೂ ಬಡಿಸಿದೆ.