ಎಳೆಯದೆ ಬಿಟ್ಟ ಕೈ

ಮೊನ್ನೆ ಪಕ್ಕದ ಮನೆಯಲ್ಲಿ ಯಾರೋ ಹರಳೆಣ್ಣೆ ಕಾಯಿಸುತ್ತಿದ್ದರು. ಆ ವಾಸನೆಗೆ ನಿಮಗೇನು ನೆನಪಾಗುತ್ತದೋ, ನನಗೆ ಐವತ್ತರ ದಶಕದ ಆದವಾನಿಯ ಗರಡಿಮನೆ ನೆನಪಾಯಿತು.

ಆಗ ನಾನು ವೈದ್ಯ ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ. ಮೈಯ ಇನ್ನೂರಾರು ಎಲುಬುಗಳ ಹೆಸರೂ ಬಾಯಿಪಾಠ. ಬೇಸಿಗೆ ರಜೆಗೆ ಊರಿಗೆ ಬಂದಾಗ ಅವನ್ನು ಅವ್ವನಿಗೆ ಒಪ್ಪಿಸತೊಡಗಿದೆ. ಆಕೆ ಮೂರನೆಯ ದಿನಕ್ಕೇ ಸಾಕೆಂದಳು. ಹಾಗಾಗಿ ಗರಡಿಗೆ ಹೋದೆ. ಅಲ್ಲಿ ಉಸ್ತಾದ್ ಹನುಮಂತಪ್ಪ ಬೆಳಿಗ್ಗೆ ಕುಸ್ತಿ ಕಲಿಸಿ, ಆಮೇಲೆ ಅದೇ ಕುಸ್ತಿಯಲ್ಲಿ ಉಳುಕಿದ್ದನ್ನು, ಕೀಲು ತಪ್ಪಿದ್ದನ್ನು ಬಿಸಿ ಹರಳೆಣ್ಣೆ ತಿಕ್ಕಿ ಸರಿಮಾಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಆಯಾ ಎಲುಬಿನ ಇಂಗ್ಲಿಷ್ ಹೆಸರು ಹೇಳುತ್ತಿದ್ದೆ.

"ಹೆಸರು ಹಿಡದು ಕರದ್ರ ತಾನ ಬಂದು ಕೂಡತೈತೇನ್ರಿ ಡಾಕ್ಟರ್?" ಎಂದು ಅವರು ಒಮ್ಮೆ ಕೇಳಿದರು, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವರಂತೆ.

ತಿಂಗಳಾದ ಮೇಲೆ ಒಂದೆರಡು ಉಳುಕು ನನ್ನ ಕೈಗೂ ಬಂದವು, ವಾಸಿಯೂ ಆದವು. ಉಳುಕು ಯಾರು ಮುಟ್ಟಿದರೂ ವಾಸಿಯಾಗುತ್ತದೆಂಬುದು ಮೂರನೆಯ ವರ್ಷದ ಪಾಠ.

ಒಂದು ಬೆಳಿಗ್ಗೆ ಪೆದ್ದಹರಿವಾಣದ ತಿಪ್ಪಣ್ಣ, ಕುರಿ ಸಾಕುವ ಮನೆಯ ಪೈಲ್ವಾನ, ಪಟ್ಟು ತಪ್ಪಿ ಚಾಚಿದ ಕೈಯ ಮೇಲೆ ಬಿದ್ದ. ಮೊಣಕೈ ಊದಿ ಸೊಟ್ಟಗಾಯಿತು. ಉಸ್ತಾದರು ಹೊರಗೆ ಹೋಗಿದ್ದರು. ಕೀಲು ತಪ್ಪಿದೆಯೆಂದು ನಾನೇ ತೀರ್ಪು ಕೊಟ್ಟು, ಅವನ ಮುಂಗೈ ಹಿಡಿದು, ಎಳೆಯಲು ಕಾಲೂರಿ ನಿಂತೆ. ಅಷ್ಟರಲ್ಲಿ ಉಸ್ತಾದರು ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದರು.

"ಮೊದಲು ಬೆರಳು ಮುಟ್ಟಿ ನೋಡ್ರಿ."

ತಣ್ಣಗಿದ್ದವು. ನಾಡಿ ಹುಡುಕಿದೆ, ಸಿಗಲಿಲ್ಲ.

"ಎಲುಬು ಮುರದು ರಕ್ತ ಹರಿಯೋದು ನಿಂತೈತಿ. ಇದು ನನ್ನ ಕೈಲಿ ಆಗೂದಲ್ಲ, ನಿಮ್ಮ ಕೈಲೂ ಆಗೂದಲ್ಲ. ಬಳ್ಳಾರಿಗೆ ನಡೀರಿ."

ಬಿದಿರಿನ ದಬ್ಬೆ ಕಟ್ಟಿ ನಮ್ಮಿಬ್ಬರನ್ನೂ ಹತ್ತಿ ಸಾಗಿಸುವ ಲಾರಿಗೆ ಏರಿಸಿದರು. ದಾರಿಯಲ್ಲಿ ತಿಪ್ಪಣ್ಣ ಕೇಳಿದ್ದು ಒಂದೇ ಮಾತು: "ಕೈ ತೆಗೀತಾರೇನ್ರಿ?" ಇನ್ನೂರಾರು ಹೆಸರಲ್ಲಿ ಒಂದೂ ನೆರವಿಗೆ ಬರಲಿಲ್ಲ. ಹಾಲಹರವಿ ದಾಟುವವರೆಗೂ ಅವನ ಬೆರಳುಗಳನ್ನು ನನ್ನ ಅಂಗೈಯಲ್ಲಿ ಮುಚ್ಚಿಕೊಂಡು ಕುಳಿತಿದ್ದೆ. ಅದರಿಂದ ವೈದ್ಯಕೀಯವಾಗಿ ಏನೂ ಪ್ರಯೋಜನವಿಲ್ಲ.

ಬಳ್ಳಾರಿಯ ಡಾಕ್ಟರು ಶಸ್ತ್ರಚಿಕಿತ್ಸೆ ಮಾಡಿ ಹೊರಬಂದು, ಕೈ ಉಳಿಯಿತು ಎಂದರು. ಯಾರಾದರೂ ಎಳೆದಿದ್ದರೆ ರಕ್ತನಾಳವೇ ಹರಿದುಹೋಗುತ್ತಿತ್ತಂತೆ. ಎಳೆಯಬಾರದೆಂದು ಗೊತ್ತಾಗಿದ್ದು ಯಾರಿಗೆ ಎಂದು ಕೇಳಿದರು. ನಮಗೇ ಗೊತ್ತಾಯಿತು ಎಂದೆ. ಬಹುವಚನ ಬಹಳ ಉಪಕಾರಿ.

ಮುಂದಿನ ರಜೆಗೆ ತಿಪ್ಪಣ್ಣ ಗರಡಿಗೆ ಬಂದ. ಮೊಣಕೈ ಪೂರ್ತಿ ಚಾಚುತ್ತಿರಲಿಲ್ಲ, ಆದರೆ ಐದೂ ಬೆರಳು ಆಡುತ್ತಿದ್ದವು. ನನ್ನ ಹೆಗಲಿಗೊಂದು ಕಂಬಳಿ ಹೊದಿಸಿ, "ಈ ಡಾಕ್ಟರು ಇರದಿದ್ರ ನನ್ನ ಕೈ ಹೋಗತಿತ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ಉಸ್ತಾದರ ಕಡೆ ನೋಡಿದೆ. ಅವರು, "ಹೌದಪ್ಪಾ" ಎಂದು ಮಣ್ಣು ಹದಮಾಡಲು ಹೋದರು. ಕಂಬಳಿ ಬೆಚ್ಚಗಿತ್ತು.

ಆಮೇಲೆ ಎಲುಬಿನ ಡಾಕ್ಟರೇ ಆದೆ. ನನ್ನ ಮೊದಲ ರೋಗಿಯ ಕಥೆಯೆಂದು ಇದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಉಸ್ತಾದರು ನನ್ನ ರಟ್ಟೆ ಹಿಡಿದದ್ದೊಂದನ್ನು ಬಿಟ್ಟು. ಇವತ್ತು ಅದನ್ನೂ ಬರೆದೆ.