ತಿಪ್ಪೆಯ ಅಡಿಯ ಗಡಿಕಲ್ಲು

ಸರ್ವೆ ಪಾಠದಲ್ಲಿ ಒಂದು ವಿಧಾನವಿದೆ. ಅಳೆಯುವ ಗೆರೆಗೆ ಕೊಳವೋ ಕಟ್ಟಡವೋ ಅಡ್ಡ ಬಂದರೆ, ಲಂಬಕೋನ ಹಿಡಿಯುವ ಕ್ರಾಸ್ ಸ್ಟಾಫ್ ಎಂಬ ಕೋಲು ನೆಟ್ಟು ಲಂಬವಾಗಿ ಪಕ್ಕಕ್ಕೆ ಸರಿದು, ಸುತ್ತಿ ಹೋಗಿ, ಮತ್ತೆ ಗೆರೆಗೆ ಬಂದು ಸೇರುವುದು. ಎಪ್ಪತ್ತರ ದಶಕದಲ್ಲಿ ನಾನು ಡಿಪ್ಲೊಮಾ ಹುಡುಗರಿಗೆ ಇದನ್ನು ಕಲಿಸುತ್ತಿದ್ದೆ. ಸುಲಭವಾದ ವಿಧಾನ. ಹೇಸಿಗೆಯಿಂದ ತಪ್ಪಿಸಿಕೊಳ್ಳಲಿಕ್ಕೂ ಅದನ್ನು ಬಳಸಬಹುದು ಎಂದು ತಿಳಿದದ್ದು ಜಗಳೂರು ತಾಲ್ಲೂಕಿನಲ್ಲಿ.

ಸಂತೇಬೆನ್ನೂರು, ಹೊನ್ನಾಳಿ ಕಡೆ ಹುಡುಗರ ಸರ್ವೆ ಕ್ಯಾಂಪ್ ಮುಗಿಸಿ ಆ ಸಲ ಸೊಕ್ಕೆ ಹತ್ತಿರದ ಹಳ್ಳಿಗೆ ಹೋಗಿದ್ದೆವು. ಬೆಳಿಗ್ಗೆ ಸ್ನಾನ, ಉಪ್ಪಿಟ್ಟು, ಅಳತೆ ಸರಪಳಿಯ ಕೊಂಡಿಗಳನ್ನು ಒರೆಸುವುದು, ಆಮೇಲೆ ಕೆಲಸ. ಈ ಕ್ರಮ ತಪ್ಪಿಸಲು ನಾನು ಯಾರನ್ನೂ ಬಿಡುತ್ತಿರಲಿಲ್ಲ.

ಊರಂಚಿನ ಮನೆಯ ಹೆಂಗಸೊಬ್ಬಳು ನಮ್ಮ ಕೆಂಪು-ಬಿಳಿ ಅಳತೆ ಕೋಲುಗಳನ್ನು ನೋಡಿ ಬಂದಳು.

"ಮೇಷ್ಟ್ರೇ, ಮಗಳು ಬಾಣಂತನಕ್ಕೆ ಬರ್ತಾಳೆ. ಅಷ್ಟ್ರಾಗೆ ಹಿತ್ಲಾಗೆ ಒಂದು ಕಕ್ಕಸು ಕಟ್ಟಿಸ್ಬೇಕು. ಜಾಗ ನಂದೇ ಐತೆ, ಆದ್ರೆ ಅದರ ಮೇಲೆ ಅವರ ತಿಪ್ಪೆ ಐತೆ."

ಆಳೆತ್ತರದ ತಿಪ್ಪೆ. ಪಕ್ಕದ ಮನೆಯವನದು. ಎರಡು ಹಿತ್ತಲುಗಳ ನಡುವಿನ ಗಡಿ ಅಲ್ಲೇ ಬಾಗುತ್ತದೆ. ಬಾಗುವ ಕಡೆ ಒಂದು ಗಡಿಕಲ್ಲು ಇರುವುದಾಗಿ ನಮ್ಮ ಕೈಲಿದ್ದ ನಕ್ಷೆ ತೋರಿಸುತ್ತಿತ್ತು. ಆ ಕಲ್ಲು ಕಂಡರೆ ಜಾಗ ಅವಳದೆಂದು ಸಾಬೀತಾಗುತ್ತದೆ. ತಾಲ್ಲೂಕಿನಿಂದ ಅಳೆಯಲು ಬಂದಾತ ಮೂಗಿಗೆ ಕರ್ಚೀಫ್ ಹಿಡಿದು ದೂರದಿಂದಲೇ "ಕಲ್ಲು ಸಿಗಲಿಲ್ಲ" ಎಂದು ಹೊರಟುಹೋಗಿದ್ದನಂತೆ. ಹುಡುಕದವನಿಗೆ ಸಿಗುವುದು ಹೇಗೆ? ತಿಪ್ಪೆಗಿಂತ ಆ ಕರ್ಚೀಫೇ ನನಗೆ ಹೆಚ್ಚು ಅಸಹ್ಯವೆನಿಸಿತು.

ಪಕ್ಕದ ಮನೆಯವನು ಜಗಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದ. "ಅಲ್ಲಿ ಯಾವ ಕಲ್ಲೂ ಇಲ್ರೀ ಮೇಷ್ಟ್ರೇ. ಬೇಕಾದ್ರೆ ಅಗೆದು ನೋಡ್ರಿ," ಎಂದು ನಕ್ಕ. ಪ್ಯಾಂಟು ಹಾಕಿದವರು ಅಗೆಯುವುದಿಲ್ಲ ಎಂಬ ಧೈರ್ಯ ಅವನಿಗೆ.

ಹುಡುಗರು ಆಗಲೇ ಹಿಂದೆ ಸರಿದಿದ್ದರು. ಒಬ್ಬ ಹೇಳಿದ, "ಸರ್, ಅಡ್ಡ ಬಂದ್ರೆ ಸುತ್ತಿ ಅಳೀಬೇಕು ಅಂತ ನೀವೇ ಹೇಳ್ಕೊಟ್ಟಿದ್ದು."

"ಸುತ್ತಿ ಅಳೆದ್ರೆ ದೂರ ಸಿಗ್ತದೆ, ಕಲ್ಲು ಸಿಗಲ್ಲ. ಮೊದಲು ಸುತ್ತಿ ಅಳೀರಿ, ಆಮೇಲೆ ಅಗೀರಿ."

ಅಳೆದರು. ಕೊನೆಯ ಗೂಟದಿಂದ ನಕ್ಷೆಯ ದೂರ ಹಿಡಿದಾಗ ಜಾಗ ತಿಪ್ಪೆಯ ಹೊಟ್ಟೆಯೊಳಗೇ ಬಿತ್ತು. ಪ್ಯಾಂಟು ಮಡಚಿ ಮೊದಲ ಸಲಿಕೆ ನಾನೇ ಹಾಕಿದೆ. ಒಳಗಿಂದ ಬಿಸಿ ಹಬೆ ಎದ್ದಿತು. ಬೆರಳುಗಾತ್ರದ ಬಿಳಿ ಹುಳಗಳು, ಕೋಳಿಯ ಪುಕ್ಕ, ಹರಿದ ಚಪ್ಪಲಿ, ಹೆಸರು ಹೇಳಲಾಗದ ಲೋಳೆ. ಒಬ್ಬ ಹುಡುಗ ಬೇಲಿಯ ಹತ್ತಿರ ಹೋಗಿ ಉಪ್ಪಿಟ್ಟು ಕಾರಿಕೊಂಡ. ಬಾಯಿ ತೊಳೆದು ಬಂದು ಮತ್ತೆ ಸಲಿಕೆ ಹಿಡಿದ.

"ಹುಡುಗ್ರ ಕೈಲಿ ಸಗಣಿ ಹೊರ್ಸಾಕೆ ಕಾಲೇಜಿಗೆ ಹಾಕ್ಯಾರೇನ್ರೀ ಅವರಪ್ಪಂದಿರು?" ಎಂದ ಜಗಲಿಯವನು.

"ನಿಮ್ಮ ಸಗಣಿ ನಿಮ್ಮ ಜಾಗದಾಗೆ ಇದ್ದಿದ್ರೆ ಹೊರೋ ಕೆಲಸ ಇರ್ತಿರ್ಲಿಲ್ಲ ಬಿಡ್ರಿ," ಎಂದಳು ಅವಳು.

ಸಲಿಕೆಗೆ ಕಲ್ಲು ತಾಗಿತು. ಈಗ ಅವನು ಎದ್ದು ಬಂದ. "ಅದು ನಮ್ಮಜ್ಜಿ ಬಟ್ಟೆ ಒಗೀತಿದ್ದ ಕಲ್ಲು ಕಣ್ರೀ."

ಅವಳು ಕೊಡ ತಂದು ನೀರು ಸುರಿದಳು. ನೆಟ್ಟ ಕಲ್ಲು. ನೆತ್ತಿಯ ಮೇಲೆ ಸರ್ವೆಯವರು ಕೆತ್ತಿದ ಕೂಡು ಗುರುತು.

"ನಿಮ್ಮಜ್ಜಿ ಇದರ ಮೇಲೆ ಲೆಕ್ಕಾನೂ ಮಾಡ್ತಿದ್ಲೇನು ದೊಡ್ಡಪ್ಪಾ?" ಎಂದಳು. ವಾಸನೆಗೆ ಹೆದರದೆ ಸೇರಿದ್ದ ಜನ ನಕ್ಕರು. ಅವನು ಎಲೆ ಅಡಿಕೆ ಉಗುಳಿ ಒಳಗೆ ಹೋದ.

ನಮ್ಮ ಅಳತೆಗೆ ಸರ್ಕಾರದಲ್ಲಿ ಬೆಲೆಯಿಲ್ಲ, ತಾಲ್ಲೂಕಿನಾತನೇ ಬರಬೇಕೆಂದು ಅವಳಿಗೆ ಹೇಳಿದೆ. ಬಂದನಂತೆ. ಬಯಲಾದ ಕಲ್ಲನ್ನು ಇಲ್ಲವೆನ್ನಲು ಕರ್ಚೀಫ್ ಸಾಲಲಿಲ್ಲ.

ಮರುವರ್ಷ ಕ್ಯಾಂಪಿಗೆ ಮತ್ತೆ ಅದೇ ಹಳ್ಳಿ ಆರಿಸಿದೆ. ಹಿತ್ತಲಲ್ಲಿ ತಗಡಿನ ಬಾಗಿಲ ಕಕ್ಕಸು ನಿಂತಿತ್ತು. ಪಕ್ಕದ ಹಗ್ಗದ ಮೇಲೆ ಕೂಸಿನ ಬಟ್ಟೆ ಒಣಗುತ್ತಿತ್ತು. ತಿಪ್ಪೆ ಮಾತ್ರ ಕಾಣಲಿಲ್ಲ.

"ಎಲ್ಲಿ ಹೋಯ್ತಮ್ಮ?"

"ಇಸ್ಕೂಲ್ ಕಡೆ ನೋಡ್ರಿ."

ನೋಡಿದೆ. ಶಾಲೆಯ ಬಯಲಿನ ಮೂಲೆಯ ಗಡಿಕಲ್ಲಿನ ಮೇಲೆ ಅದೇ ಮನುಷ್ಯನ ಹೊಸ ತಿಪ್ಪೆ, ಆಗಲೇ ಸೊಂಟದೆತ್ತರ. ಹೆಡ್‌ಮಾಸ್ತರರು ಮೂಗು ಹಿಡಿದು ಅದನ್ನು ಸುತ್ತಿ ಹೋಗುತ್ತಿದ್ದರು.

ನನ್ನ ಹೊಸ ಹುಡುಗರು ಒರೆಸಿದ ಸರಪಳಿ ಹಿಡಿದು ಕಾಯುತ್ತಿದ್ದರು. ಆ ವರ್ಷದ ಮೊದಲ ಗೆರೆಯನ್ನು ಆ ಮೂಲೆಯಿಂದಲೇ ಹಾಕಿಸಿದೆ. ಅದಕ್ಕೂ ಮೊದಲು ಸಲಿಕೆ ತರಿಸಿದೆ.