ಬೈತಲೆಯೊಳಗಿನ ತಲೆ

ನಮ್ಮ ಅತ್ತಿಗೆ ವಿಗ್ ಕಟ್ಟುತ್ತಾಳೆ. ಅಣ್ಣನನ್ನು ಮದುವೆಯಾಗಿ ಬಂದಾಗ ಅವಳಿಗೆ ಅಂಗಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ನಾಟಕದವರಿಗೆ ಜಡೆ, ಗಡ್ಡ, ಮೀಸೆ ಮಾಡಿಕೊಡುತ್ತಿದ್ದ ನನ್ನಮ್ಮನ ಪಕ್ಕದಲ್ಲಿ ಕೂತು ಕಲಿತಳು, ಕೊನೆಗೆ ಅತ್ತೆಯನ್ನೇ ಮೀರಿಸಿದಳು. ಹೆತ್ತ ಮಗಳಾದ ನನಗೆ ಸೂಜಿ ಒಲಿಯಲೇ ಇಲ್ಲ. ನನ್ನದೇನಿದ್ದರೂ ಬಾಯಿ. ಅದಕ್ಕೇ ಅಂಗಡಿಯ ಮುಂದಿನ ಮೇಜು ನನಗೆ, ಹಿಂದಿನ ಕಿಟಕಿ ಅವಳಿಗೆ.

ಈಗ ನಾಟಕದವರು ಅಪರೂಪ. ಬರುವವರೆಲ್ಲ ದೊಡ್ಡ ಕಾಯಿಲೆಯ ಔಷಧಿಯಿಂದ ಕೂದಲು ಉದುರಿದವರು. ಹಾಗಾಗಿ ಅತ್ತಿಗೆಯದೊಂದು ಕಟ್ಟಳೆ ಇದೆ. ಅಂಗಡಿಯಲ್ಲಿ ಕೂದಲು ಎನ್ನುವಂತಿಲ್ಲ, ತಲೆ ಎನ್ನುವಂತಿಲ್ಲ. ವಿಗ್ಗಿಗೆ ಮುಡಿ ಎನ್ನಬೇಕು. ನಾನೊಮ್ಮೆ ಮಾತಿಗೆ ‘ತಲೆ ಕೆಟ್ಟೋಯ್ತು’ ಎಂದಿದ್ದಕ್ಕೆ ಸಂಜೆಯವರೆಗೂ ಮುಖ ಗಂಟಿಕ್ಕಿಕೊಂಡಿದ್ದಳು.

ಗಿರಾಕಿಗಳ ಮನೆಗೆ ಫೋನ್ ಮಾಡಬಾರದು ಎಂಬುದು ಇನ್ನೊಂದು ಕಟ್ಟಳೆ. ಹಿಂದೊಮ್ಮೆ ಮುಡಿ ಸಿದ್ಧವಾಯಿತೆಂದು ಖುಷಿಯಿಂದ ಫೋನ್ ಮಾಡಿದ್ದಳು. ಎತ್ತಿದ ಗಂಡಸು ಬಹಳ ಹೊತ್ತು ಸುಮ್ಮನಿದ್ದು, “ಇನ್ನು ಬೇಡಮ್ಮ” ಎಂದುಬಿಟ್ಟ. ಅವತ್ತಿನಿಂದ ವ್ಯವಹಾರವೆಲ್ಲ ಇಮೇಲಿನಲ್ಲೇ.

ಆ ಇಮೇಲಿಗೋ, ಕೇಳಬೇಡಿ, ಕರೆಯದ ನೆಂಟರ ಕಾಟ. ಬೋಳು ತಲೆಗೆ ಎಣ್ಣೆ, ತಲೆಹೊಟ್ಟಿಗೆ ಪುಡಿ, ಕೂದಲು ಬೆಳೆಸುವ ಟೋಪಿ. ಒಂದು ದಿನ ಸ್ಕೂಲ್ ಟೀಚರ್ ಒಬ್ಬರು ಅಳತೆ ಕೊಡಲು ಕೂತಿದ್ದಾಗ ಪರದೆಯ ಮೂಲೆಯಲ್ಲಿ ಟಿಣ್ ಎಂದು ಬಂತು: ‘ಬೋಳು ತಲೆಯೇ? ನಾಚಿಕೆ ಬಿಡಿ!’ ಟೀಚರ್ ಅದನ್ನು ಓದಿ, ನಕ್ಕಂತೆ ಮಾಡಿ, ಸ್ಕಾರ್ಫನ್ನು ಹಣೆಯವರೆಗೆ ಎಳೆದುಕೊಂಡರು. ಅತ್ತಿಗೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ.

ರಜೆ ಮುಗಿಸಿ, ಹತ್ತು ದಿನ ಬಿಟ್ಟು ಬರುವ ಸೋಮವಾರದಿಂದ ಮತ್ತೆ ಪಾಠಕ್ಕೆ ಹೋಗುವವರಿದ್ದರು ಆ ಟೀಚರ್. ಮಕ್ಕಳೆದುರು ತಮ್ಮ ಹಳೆಯ ಮುಖದಲ್ಲೇ ನಿಲ್ಲಬೇಕೆಂಬುದು ಅವರಾಸೆ. ಹೊರಡುವಾಗ ಅತ್ತಿಗೆ ಹೇಳಿದಳು: “ಬೈತಲೆ ಎಡಕ್ಕೋ ಬಲಕ್ಕೋ ಗೊತ್ತಾಗೋ ಹಾಗೆ ಒಂದು ಹಳೇ ಫೋಟೋ ಕಳಿಸಿ. ವಿಷಯದ ಸಾಲಲ್ಲಿ ಬೈತಲೆ ಅಂತ ಬರೆದ್ರೆ ಸಾಕು.” ಅದು ತಿಳಿಯದೆ ಹಣೆಯ ಸಾಲಿಗೆ ಕೂದಲ ಒಂದು ಗಂಟೂ ಹಾಕಲಾಗದು.

ಟೀಚರ್ ಅತ್ತ ಹೋಗಿದ್ದೇ ತಡ, ಅತ್ತಿಗೆ ಕಂಪ್ಯೂಟರಿಗೆ ಅಮರಿಕೊಂಡಳು. ಅದರಲ್ಲೊಂದು ಸೌಲಭ್ಯವಿದೆ. ಬೇಡದ ಪದವೊಂದನ್ನು ಬರೆದಿಟ್ಟರೆ, ಅದಿರುವ ಇಮೇಲೆಲ್ಲ ಕಸದ ಪೆಟ್ಟಿಗೆಗೆ ಬೀಳುತ್ತದೆ. ಮೊದಲು ‘ಕೂದಲು’ ಎಂದು ಹಾಕಿದಳು. ‘ಕೂದಲಿಗೆ’, ‘ಕೂದಲಿನ’ ಎಲ್ಲ ನುಸುಳಿಕೊಂಡು ಬಂದವು. ಆಮೇಲೆ ‘ತಲೆ’ ಎಂದು ಹಾಕಿದಳು.

“ಇದಕ್ಕೆ ಯಾವ ಬಾಲ ಅಂಟಿಸಿದ್ರೂ ಅಷ್ಟೇ. ತಲೆಗೆ, ತಲೆಯ, ತಲೆಯಲ್ಲಿ. ಒಂದೂ ತಪ್ಪಿಸ್ಕೊಳ್ಳಲ್ಲ ನೋಡು.”

“ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು. ಗಿರಾಕಿಗಳು ಆ ಪದ ಬರೆದ್ರೆ?”

“ನಮ್ಮ ಅಂಗಡೀಲಿ ಆ ಪದ ಎಲ್ಲಿದೆ? ಬಂದೋರಿಗೂ ಮುಡಿ ಅಂತ ಹೇಳ್ಕೊಟ್ಟಿಲ್ವಾ ನಾವು?”

ನನಗೂ ಸರಿ ಎನ್ನಿಸಿತು. ಮರುದಿನ ಕಸವೂ ಬರಲಿಲ್ಲ, ಟೀಚರ್ ಫೋಟೋವೂ ಬರಲಿಲ್ಲ.

ವಾರ ಕಳೆಯುತ್ತ ಬಂದ ಹಾಗೆ ಅತ್ತಿಗೆಗೆ ಅನ್ನ ಸೇರಲಿಲ್ಲ. ಹಿಂಬದಿಯನ್ನೆಲ್ಲ ಮುಗಿಸಿ, ಹಣೆಯ ಜಾಗ ಬರಿದಾಗಿದ್ದ ಮುಡಿಯನ್ನು ಮರದ ಅಚ್ಚಿನ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. “ಹುಷಾರಿಲ್ವೇನೋ,” ಎನ್ನುವಳು. ಸ್ವಲ್ಪ ಹೊತ್ತಿಗೆ, “ಆಸ್ಪತ್ರೆಗೆ ಸೇರಿಸಿದಾರೇನೋ,” ಎನ್ನುವಳು. ಅದರ ಮುಂದಿನ ಮಾತನ್ನು ಇಬ್ಬರೂ ಆಡಲಿಲ್ಲ. ಬಾಗಿಲ ಬಳಿ ಯಾರದಾದರೂ ಚಪ್ಪಲಿ ಸದ್ದಾದರೂ ನಾನು ಎದ್ದು ಹೋಗಿ ನೋಡುತ್ತಿದ್ದೆ. ಫೋನಿಗೆ ಕೈಹಾಕಿದರೆ ಅವಳು ಕಿತ್ತುಕೊಳ್ಳುತ್ತಿದ್ದಳು.

ಶನಿವಾರ ಬೆಳಿಗ್ಗೆ ಮತ್ತೆ ಶುರುಮಾಡಿದಳು. “ಬೈತಲೆ ಒಂದು ಗೊತ್ತಾಗಿದ್ರೆ…”

ನನಗೆ ರೇಗಿಹೋಯಿತು. “ಬೈತಲೆ ಬೈತಲೆ ಅಂತ ನನ್ನ ತಲೆ ತಿನ್ಬೇಡ ನೀನು.”

ಅಂದವಳೇ ಬಾಯಿ ಮುಚ್ಚಿಕೊಂಡೆ, ಕಟ್ಟಳೆ ಮುರಿದೆನಲ್ಲ ಎಂದು. ಅತ್ತಿಗೆ ಬೈಯಲಿಲ್ಲ. ನನ್ನನ್ನೇ ನೋಡುತ್ತ, “ಏನಂದೆ? ಇನ್ನೊಂದ್ಸಲ ಹೇಳು,” ಎಂದಳು. “ಬೈ-ತಲೆ,” ಎಂದು ತಾನೇ ಬಿಡಿಸಿ ಹೇಳಿದಳು. ಸೂಜಿ ಕೆಳಗೆ ಹಾಕಿ ಓಡಿಬಂದು ಕಸದ ಪೆಟ್ಟಿಗೆ ತೆರೆದಳು.

ಎಣ್ಣೆ, ಪುಡಿ, ಟೋಪಿಗಳ ನಡುವೆ ಮೂರು ಸಲ ಒಂದೇ ಪದವಿತ್ತು: ಬೈತಲೆ. ಮೊದಲನೆಯದರಲ್ಲಿ ಫೋಟೋ, ಮಕ್ಕಳ ನಡುವೆ ನಗುತ್ತ ನಿಂತ ಟೀಚರ್. ಎರಡನೆಯದರಲ್ಲಿ, ‘ಸಿಕ್ಕಿತಾ ಅಕ್ಕಾ?’ ಮೂರನೆಯದು ಮಂಗಳವಾರದ್ದು. ಅತ್ತಿಗೆ ಅದನ್ನು ಗಟ್ಟಿಯಾಗಿ ಓದತೊಡಗಿದಳು, ಅರ್ಧಕ್ಕೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಉಳಿದದ್ದನ್ನು ನಾನು ಓದಿದೆ.

‘ಉತ್ತರ ಇಲ್ಲ. ನಿಮಗೇನೂ ಆಗಿಲ್ಲ ತಾನೆ? ಮುಡಿ ಹೋಗಲಿ ಬಿಡಿ, ಚೆನ್ನಾಗಿದೀನಿ ಅಂತ ಒಂದು ಸಾಲು ಬರೀರಿ. ಫೋನ್ ಮಾಡೋಕೆ ಧೈರ್ಯ ಬರ್ತಿಲ್ಲ, ಮನೆಯವರು ಯಾರಾದ್ರೂ ಎತ್ತಿದ್ರೆ ಏನಂತ ಕೇಳಲಿ?’

ಮಂಗಳವಾರದಿಂದ ಈಚೆಗೆ ಮತ್ತೇನೂ ಇರಲಿಲ್ಲ.

ಅತ್ತಿಗೆ ತಾನೇ ಫೋನ್ ಕೇಳಿದಳು. ನಂಬರನ್ನು ನಾನೇ ಒತ್ತಿಕೊಟ್ಟೆ. ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಎತ್ತಿದ್ದು ಗಂಡಸು.

“ಮುಡಿ ಕಟ್ಟೋರು…” ಎಂದಳು ಅತ್ತಿಗೆ. ಆಚೆ ಸದ್ದಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಅವಳ ಹೆಗಲು ಹಿಡಿದುಕೊಂಡೆ.

ಆಮೇಲೆ ಅವನು ಒಳಕ್ಕೆ ತಿರುಗಿ ಕೂಗಿದ್ದು ನನಗೂ ಕೇಳಿಸಿತು: “ಲೇ, ಬಾರೇ ಇಲ್ಲಿ, ನಿಮ್ಮಕ್ಕ ಬದುಕಿದಾರೆ.”

ಟೀಚರ್ ಬಂದು ಹಲೋ ಎಂದಾಗ ಅತ್ತಿಗೆಗೆ ಬೇರೇನೂ ಹೊಳೆಯಲಿಲ್ಲ. ಫೋಟೋ ಕಣ್ಣೆದುರಿಗೇ ಇದ್ದರೂ ಕಣ್ಣೊರೆಸಿಕೊಳ್ಳುತ್ತ ಕೇಳಿದಳು, “ಎಡಕ್ಕೋ, ಬಲಕ್ಕೋ?”